ಚರ್ಚ್ ಸ್ಟ್ರೀಟ್ ಕಡೆ ಕಡಿಮೆ ರೇಟಿನ ರೂಮ್: ನಿದ್ದಿ ಬರೋ ರೂಮ್ ಕೇಳಿ ಪಡೆಯೋದು ಹೆಂಗ?

ಕಿನ್ನಾಳ ರಸ್ತೆ (ಕೊಪ್ಪಳ)

ಎಲ್ಲಾರಿಗೂ ನಮಸ್ಕಾರ್ರಿ. ಬೆಂಗಳೂರಾಗ ಶುಕ್ರವಾರ, ಶನಿವಾರ ಎರಡು ರಾತ್ರಿ ಇರೋದೈತಿ. ಮೂರು ಮಂದಿ ದೊಡ್ಡವರು, ಒಂದ ರೂಮ್. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಕಡೆ ರಾತ್ರಿ ಹನ್ನೆರಡರ ತನಕ ಅಡ್ಡಾಡಿ ನಡಕೊಂತ ರೂಮಿಗೆ ಬರೂವಂಗ ಇರಬೇಕು. ದಿನಕ್ಕ 2,500 ರೂಪಾಯಿ ದಾಟಬಾರದು. ಹೋಗೋದು ಹಂಪಿ ಎಕ್ಸ್‌ಪ್ರೆಸ್, ಭಾನುವಾರ ರಾತ್ರಿ ವಾಪಸ್ ಬರೋದೂ ಅದರಾಗ.

ಆಪ್‌ನ್ಯಾಗ ಫೋಟೋ ಎಲ್ಲಾ ಚೆಂದ ಅದಾವ. ರಿವ್ಯೂ ಓದಿದ್ರ ಅರ್ಧ ಮಂದಿ ಜಾಗ ಭಾಳ ಚಲೋ ಅಂತಾರ, ಇನ್ನರ್ಧ ಮಂದಿ ರಾತ್ರಿ ಪೂರಾ ನಿದ್ದಿ ಇಲ್ಲ ಅಂತಾರ. ಒಂದ ಹೋಟೆಲ್‌ಗೆ ಎರಡೂ ಬರದಾರ. ಯಾವುದು ನಂಬೂದು? ಏನ್ ಕೇಳಿ ಬುಕ್ ಮಾಡಬೇಕು?

ಕೋಟೆ ನೆರಳು (ಬಳ್ಳಾರಿ)

ಎರಡೂ ನಿಜ ಅಣ್ಣ. ಹೋಟೆಲ್ ಒಂದೇ, ರೂಮ್ ಬೇರೆ. ಹಿಂದಿನ ಸಾಲಲ್ಲಿ ರೂಮ್ ಸಿಕ್ಕವರು ಹೊಗಳ್ತಾರೆ, ರಸ್ತೆ ಕಡೆ ಮೊದಲನೇ ಮಹಡಿ ಸಿಕ್ಕವರು ಬೈತಾರೆ. ಆ ಏರಿಯಾದಲ್ಲಿ ಹೋಟೆಲ್ ಹೆಸರು ನೋಡಿ ದುಡ್ಡು ಕಟ್ಟಬೇಡ್ರಿ, ರೂಮ್ ಯಾವುದು ಅಂತ ಕೇಳಿ ಕಟ್ರಿ.

ಅಲ್ಲಿ ಸುತ್ತ ಬಾರ್, ಪಬ್ಬುಗಳೇ, ಮೊದಲು ಸದ್ದು ಎಲ್ಲಿಂದ ಬರ್ತೈತೆ ಅಂತ ತಿಳ್ಕೊಳ್ರಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಸ್ಪೀಕರ್ ಹಾಕಂಗಿಲ್ಲ. ವಾಣಿಜ್ಯ ಪ್ರದೇಶಕ್ಕೆ ಹಗಲು 65 ಡೆಸಿಬೆಲ್, ರಾತ್ರಿ 55 ಅಂತ ಮಿತಿ ಐತೆ. ಹಂಗಾಗಿ ಟೆರೇಸ್ ಮೇಲಿನ ಹಾಡು 10ಕ್ಕೆ ನಿಲ್ಲಬೇಕು. ಮುಚ್ಚಿದ ಹಾಲ್ ಒಳಗಿನದು ಬಾರ್ ಮುಚ್ಚೋವರೆಗೂ, ಅಂದ್ರೆ 1 ಗಂಟೆವರೆಗೂ, ನಡೀತೈತೆ. ಅಲ್ಲಿಂದ ನಿಮ್ಮ ರೂಮಿಗೆ ಹಾಡು ಬರಲ್ಲ, ಬೇಸ್ ಬರ್ತೈತೆ, ಅಂದ್ರೆ ಹಾಡಿನ ಧಮ್ ಧಮ್ ಅನ್ನೋ ದಪ್ಪ ಸದ್ದು. 50 ಹರ್ಟ್ಜ್ ಸದ್ದಿನ ಅಲೆ 7 ಮೀಟರ್ ಹತ್ರ ಉದ್ದ ಇರ್ತೈತೆ. ಕಿಟಕಿ ಗಾಜು, ಪರದೆ, ಪ್ಲೈವುಡ್ ಬಾಗಿಲು ಅದಕ್ಕೆ ಲೆಕ್ಕಕ್ಕೇ ಇಲ್ಲ. ಗಣೇಶನ ಮೆರವಣಿಗೆ ಡಿಜೆ ಎರಡು ಓಣಿ ಆಚೆ ಇದ್ರೂ ಮನೆ ಕಿಟಕಿ ಝುಮ್ ಅನ್ನೋದಿಲ್ವಾ, ಅದೇ ಇದು. ಬಾರ್ ಅದೇ ಬಿಲ್ಡಿಂಗಿನಲ್ಲಿದ್ರೆ ಪಿಲ್ಲರ್, ಸ್ಲ್ಯಾಬ್ ಹಿಡ್ಕೊಂಡು ಮೇಲಕ್ಕೆ ಹತ್ತುತ್ತೆ. ಬಾರ್‌ಗೂ ನಿಮ್ಮ ರೂಮಿಗೂ ನಡುವೆ ಕನಿಷ್ಠ ಎರಡು ಮಹಡಿ ಇರಲೇಬೇಕು.

ಎರಡನೇದು ರಸ್ತೆ. ಜೋರು ಇರೋದು ಬಾರ್ ನಡೆಯೋ ಹೊತ್ತಲ್ಲಿ ಅಲ್ಲ, ಮುಚ್ಚಿದ ಮೇಲೆ. 1ರಿಂದ 2ರವರೆಗೆ ಜನ ಎಲ್ಲಾ ಒಟ್ಟಿಗೆ ಹೊರಗೆ ಬರ್ತಾರೆ, ಆಟೋದವರ ಜೊತೆ ಚೌಕಾಸಿ, ಹಾರ್ನ್, ಆಮೇಲೆ ಖಾಲಿ ಬಾಟಲ್ ಕ್ರೇಟಿಗೆ ಸುರಿಯೋ ಸದ್ದು. ರಸ್ತೆ ಕಡೆ ಮೊದಲ ಎರಡು ಮಹಡಿಗೆ ಇದೆಲ್ಲ ನೇರ ಹೊಡಿತೈತೆ.

ಮೂರನೇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಬಿಲ್ಡಿಂಗಿನ ಸ್ವಂತ ಯಂತ್ರಗಳು. ಹಿಂದೆ ಅಂತ ಖುಷಿಪಟ್ಟು ರೂಮ್ ತಗೊಂಡ್ರೆ ಕಿಟಕಿ ಕೆಳಗೇ ಜನರೇಟರ್ ಇರ್ತೈತೆ, ಇಲ್ಲಾ ಅಡುಗೆ ಮನೆ ಹೊಗೆ ಎಳೆಯೋ ಫ್ಯಾನ್, ಇಲ್ಲಾ ಹತ್ತು ಎಸಿ ಔಟ್‌ಡೋರ್ ಯೂನಿಟ್. ಲಿಫ್ಟ್ ಪಕ್ಕದ ರೂಮಲ್ಲಿ ಪ್ರತಿ ಸಲ ಬಾಗಿಲು ಬಿದ್ದದ್ದು ಕೇಳುತ್ತೆ. ಕೊನೇ ಮಹಡಿ ಅಂದ್ರೆ ಮೇಲೆ ನೀರಿನ ಟ್ಯಾಂಕ್, ಪಂಪ್, ಎಷ್ಟೋ ಕಡೆ ರೂಫ್‌ಟಾಪ್ ರೆಸ್ಟೋರೆಂಟಿನ ಕುರ್ಚಿ ಎಳೆದಾಟ.

ಐದು ಮಹಡಿ ಕಟ್ಟಡ ಆದ್ರೆ ಮೂರನೇದು ಇಲ್ಲಾ ನಾಲ್ಕನೇದು, ಹಿಂದಿನ ಸಾಲು, ಲಿಫ್ಟಿನಿಂದ ಎರಡು ಬಾಗಿಲಾದ್ರೂ ದೂರ, ಕಿಟಕಿ ಕೆಳಗೆ ಜನರೇಟರ್ ಇಲ್ಲದ್ದು. ಇಷ್ಟು ಕೇಳಿ ತಗೊಂಡ್ರೆ ಚರ್ಚ್ ಸ್ಟ್ರೀಟ್ ಮಗ್ಗುಲಲ್ಲೇ ನಿದ್ದೆ ಮಾಡಬಹುದು.

ಸತ್ಯನಾರಾಯಣಪೇಟೆ (ಬಳ್ಳಾರಿ)

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಾರ್ ಇರೋ ಬಿಲ್ಡಿಂಗಿನಲ್ಲೇ ಯಾಕೆ ಇಷ್ಟೊಂದು ಲಾಡ್ಜ್ ಇರ್ತಾವೆ ಅಂತ ಗೊತ್ತಿದ್ರೆ ಆಯ್ಕೆ ಸುಲಭ. ಅಬಕಾರಿ ಲೈಸೆನ್ಸಿನಲ್ಲಿ ಸಿಎಲ್-9 ಅಂದ್ರೆ ಬರೀ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ಅಂದ್ರೆ ಹೋಟೆಲ್ ಮತ್ತು ವಸತಿಗೃಹ. ರೂಮುಗಳು ಇರಲೇಬೇಕು, ಇದ್ರೆ ಮಾತ್ರ ಆ ಲೈಸೆನ್ಸ್. ಕೆಲವು ಮಾಲೀಕರಿಗೆ ವ್ಯಾಪಾರ ಬಾರ್, ರೂಮು ಲೈಸೆನ್ಸಿಗಾಗಿ ಇಟ್ಟದ್ದು. ಅಂಥ ಕಡೆ ಬೆಡ್‌ಶೀಟು, ಗೀಸರು, ರಿಸೆಪ್ಷನ್ ಮೇಲೆ ಗಮನ ಕಮ್ಮಿ. ರೇಟು ಕಮ್ಮಿ ಇರೋದಕ್ಕೂ ಅದೇ ಕಾರಣ.

ಎಲ್ಲವೂ ಹಂಗಲ್ಲ, ಚೆನ್ನಾಗಿ ನಡೆಸೋ ಸಿಎಲ್-7 ಹೋಟೆಲ್‌ಗಳೂ ಇದಾವೆ. ಗುರುತು ಹೆಂಗೆ ಅಂದ್ರೆ, ಬಾರ್‌ಗೂ ಲಾಡ್ಜ್‌ಗೂ ಬಾಗಿಲು ಬೇರೆ ಇರುತ್ತಾ ನೋಡ್ರಿ. ಬೆಂಗಳೂರಿಗೆ 2022ರಿಂದ ಗೂಗಲ್ ಸ್ಟ್ರೀಟ್ ವ್ಯೂ ಐತೆ. ಹೋಟೆಲ್ ಹೆಸರು ಹಾಕಿ, ಮುಂದೆ ನಿಂತಂಗೆ ಸುತ್ತ ತಿರುಗಿಸಿ ನೋಡ್ರಿ. ನೆಲಮಹಡಿಯಲ್ಲಿ ಏನೈತೆ, ಎದುರಿಗೆ ಏನೈತೆ, ಟೆರೇಸ್ ಮೇಲೆ ಬಣ್ಣದ ಶೀಟ್ ಹಾಕಿ ಲೈಟ್ ಸರ ಕಟ್ಟಿದಾರಾ, ಎಲ್ಲಾ ಕಾಣುತ್ತೆ. ಆಮೇಲೆ ಸ್ಯಾಟಲೈಟ್ ನೋಟ ಹಾಕಿ ಹಿಂದುಗಡೆ ನೋಡ್ರಿ. ಹಿಂದೆ ಮರ, ಮನೆ, ಸ್ಕೂಲು ಇದ್ರೆ ಒಳ್ಳೇದು. ಹಿಂದೆ ಇನ್ನೊಂದು ಪಬ್ಬಿನ ಬೆನ್ನು ಇದ್ರೆ ಹಿಂದಿನ ರೂಮಿಂದ ಉಪಯೋಗ ಇಲ್ಲ.

ರಿವ್ಯೂ ಓದೋವಾಗ ಹೊಸದು ಮೊದಲು ಅಂತ ಹಾಕ್ಕೊಂಡು, ಹುಡುಕೋ ಜಾಗದಲ್ಲಿ ನಾಯ್ಸ್, ಮ್ಯೂಸಿಕ್, ಸ್ಮೆಲ್, ಹಾಟ್ ವಾಟರ್ ಅಂತ ಒಂದೊಂದೇ ಹಾಕ್ರಿ. ಐದು ಸ್ಟಾರ್, ಒಂದು ಸ್ಟಾರ್ ಬಿಟ್ಟು ಮೂರು ಸ್ಟಾರ್ ಕೊಟ್ಟವರದ್ದು ಓದ್ರಿ. ರೂಮ್ ನಂಬರ್ ಸಮೇತ ಬರೆಯೋರು ಅವರೇ.

ರಾಯಚೂರು ಸ್ಟೇಷನ್ ರಸ್ತೆ

ಇಷ್ಟೆಲ್ಲಾ ತ್ರಾಸ ಯಾಕ್ರಿ? ಮೆಜೆಸ್ಟಿಕ್‌ನ್ಯಾಗ, ಗಾಂಧಿನಗರದಾಗ ರೂಮ್ ಹಿಡೀರಿ. ರೈಲಿನಿಂದ ಇಳದ ನಡಕೊಂತ ಹೋಗಬಹುದು. ಅಲ್ಲಿಂದ ಎಂ.ಜಿ. ರೋಡಿಗೆ ನೇರಳೆ ಲೈನ್ ಮೆಟ್ರೋ: ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್, ನಾಲ್ಕನೇದ್ದ ಎಂ.ಜಿ. ರೋಡ್. ನಡುವ ಎಲ್ಲೂ ಇಳದು ಹತ್ತೂದಿಲ್ಲ. ರಾಯಚೂರಿನವರು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಬಂದ್ರೂ, ಕೊಪ್ಪಳದವರು ಹಂಪಿಗೆ ಬಂದ್ರೂ ಇಳಿಯೋದು ಅಲ್ಲೇ. ಅದ 2,500ರಾಗ ಮೆಜೆಸ್ಟಿಕ್‌ನ್ಯಾಗ ಇದಕ್ಕಿಂತ ದೊಡ್ಡ ರೂಮ್ ಬರ್ತೈತಿ, ಮೂರು ಮಂದಿಗೆ ಮೂರು ಮಂಚದ ರೂಮ್ ಸುದ್ದಾ ಸಿಗ್ತಾವ.

ಕೋಟೆ ನೆರಳು (ಬಳ್ಳಾರಿ)

ಹಗಲು ಕೆಲಸಕ್ಕೆ ಬಂದವರಿಗೆ ಮೆಜೆಸ್ಟಿಕ್ ಸರಿ ಅಣ್ಣ, ಒಪ್ತೀನಿ. ವಿಧಾನಸೌಧ, ಕೋರ್ಟು, ಪರೀಕ್ಷೆ, ಚಿಕ್ಕಪೇಟೆಯಲ್ಲಿ ಬಟ್ಟೆ ಖರೀದಿ, ಇದಕ್ಕೆಲ್ಲ ಅದೇ ಜಾಗ. ಇವರು ರಾತ್ರಿ 12ಕ್ಕೆ ವಾಪಸ್ ಬರೋರು. ಕೊನೇ ಮೆಟ್ರೋ 11ರ ಆಸುಪಾಸಿಗೆ ಮುಗೀತೈತೆ. ಆಮೇಲೆ ಆಟೋ. 2025ರ ಆಗಸ್ಟಿನಿಂದ ಬೆಂಗಳೂರು ಮೀಟರ್ ದರ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ಎಂ.ಜಿ. ರೋಡಿನಿಂದ ಮೆಜೆಸ್ಟಿಕ್‌ಗೆ 5 ಕಿ.ಮೀ. ಹಿಡಿದ್ರೆ 90. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಂದೂವರೆ ಪಟ್ಟು, ಅಲ್ಲಿಗೆ 135. ಪಬ್ ಬಾಗಿಲಲ್ಲಿ ನಿಂತ ಆಟೋದವರು ಆ ಹೊತ್ತಲ್ಲಿ ಮೀಟರ್ ಹಾಕೋದು ಅಪರೂಪ, ಅದರ ಎರಡು ಪಟ್ಟು ಕೇಳ್ತಾರೆ. ಎರಡು ರಾತ್ರಿಗೆ ಅದನ್ನ ಲೆಕ್ಕ ಹಾಕ್ರಿ. ಅದಕ್ಕಿಂತ ಮುಖ್ಯ, ರಾತ್ರಿ ಒಂದಕ್ಕೆ ನಡೆದು ಹತ್ತು ನಿಮಿಷದಲ್ಲಿ ಮಲಗೋ ಅನುಕೂಲಕ್ಕೆ ಅಂತಾನೇ ಅಲ್ವಾ ಅಲ್ಲಿ ರೂಮ್ ಹಿಡಿಯೋದು.

ನಡುವಿನ ದಾರಿ ಬೇಕಂದ್ರೆ ಎಂ.ಜಿ. ರೋಡ್ ದಾಟಿ ಟ್ರಿನಿಟಿ, ಹಲಸೂರು ಕಡೆ ನೋಡ್ರಿ, ಮೆಟ್ರೋದಲ್ಲಿ ಒಂದು, ಎರಡು ನಿಲ್ದಾಣ. ಇಲ್ಲಾ ರೆಸಿಡೆನ್ಸಿ ರೋಡ್ ದಾಟಿ ರಿಚ್‌ಮಂಡ್ ಟೌನ್ ಕಡೆ. ಬ್ರಿಗೇಡ್ ರೋಡಿನಿಂದ ನಡಿಗೆ ದೂರದಲ್ಲೇ ಐತೆ, ರಾತ್ರಿ ಅಷ್ಟು ಗದ್ದಲ ಇಲ್ಲ.

ಮಾನ್ವಿ (ರಾಯಚೂರು ಜಿಲ್ಲೆ)

ಕೊಪ್ಪಳದ ಅಣ್ಣಾರ, ನಿಮ್ಮ ಜೋಡಿ ಹೆಣ್ಮಕ್ಕಳು ಬರೋರಿದ್ರ ಬಾಗಿಲಿನ ಮಾತು ಭಾಳ ಗಟ್ಟಿ ಹಿಡೀರಿ. ರಿಸೆಪ್ಷನ್ ನೆಲಮಹಡಿಯಾಗ ಐತೋ, ಮೊದಲನೇ ಮಹಡಿಯಾಗ ಐತೋ? ಬಾರಿಗೆ ಹೋಗೋರೂ ರೂಮಿಗೆ ಹೋಗೋರೂ ಅದ ಲಿಫ್ಟ್ ಹತ್ತತಾರೋ? ರಾತ್ರಿ ಶಟರ್ ಹಾಕತಾರೋ, ಹಾಕಿದ್ರ ಎಷ್ಟು ಹೊತ್ತಿಗೆ, ಒಳಗ ಯಾರು ತೆಗೀತಾರ? ಇದನ್ನ ಫೋನ್‌ನ್ಯಾಗ ಕೇಳ್ರಿ. ಕೆಲವು ಲಾಡ್ಜ್‌ನ್ಯಾಗ 12ಕ್ಕ ಶಟರ್ ಎಳದು ಹುಡುಗ ಒಳಗ ಮಲಗಿರ್ತಾನ, ನೀವು ಹೊರಗ ನಿಂತು ಫೋನ್ ಮಾಡಬೇಕು.

ರೂಮಿನ ಬಾಗಿಲಿಗೆ ಕೀಲಿ ಅಷ್ಟ ಅಲ್ಲ, ಒಳಗಿಂದ ಚಿಲಕ ಇರಬೇಕು. ಕಾರ್ಡ್ ಕೀಲಿ ಇದ್ರೂ ಚಿಲಕ ನೋಡ್ರಿ, ಯಾಕಂದ್ರ ಇನ್ನೊಂದು ಕಾರ್ಡ್ ಕೌಂಟರ್‌ನ್ಯಾಗ ಇದ್ದ ಇರ್ತೈತಿ. ಕಷ್ಟ ಬಂದ್ರ 112.

ಕೌಲ್‌ಬಜಾರ್ (ಬಳ್ಳಾರಿ)

ಕಿಟಕಿ ಬಗ್ಗೆ ಎಲ್ಲರೂ ಕೇಳ್ತಾರೆ, ಕಿಟಕಿ ಎಲ್ಲಿಗೆ ತೆರೆಯುತ್ತೆ ಅಂತ ಕೇಳಲ್ಲ. ಆ ಏರಿಯಾದಲ್ಲಿ ಸೈಟು ಸಣ್ಣದು, ಕಟ್ಟಡ ಹಳೇದು. ನಡುವಿನ ರೂಮುಗಳ ಕಿಟಕಿ ಡಕ್ಟ್‌ಗೆ ತೆರೀತಾವೆ. ಡಕ್ಟ್ ಅಂದ್ರೆ ನಾಲ್ಕು ಗೋಡೆ ನಡುವಿನ ಕೊಳವೆ, ಅದರಲ್ಲೇ ಬಾತ್‌ರೂಮ್ ಪೈಪು, ಅಡುಗೆ ಮನೆ ಹೊಗೆ, ಎಸಿ ನೀರು. ಕೆಳಗಿನ ಬಾತ್‌ರೂಮಿನ ಮಾತು ನಾಲ್ಕನೇ ಮಹಡಿಗೆ ಕೇಳ್ತೈತೆ. ಫೋನಲ್ಲಿ ‘ಕಿಟಕಿ ಇದ್ಯಾ’ ಅಂದ್ರೆ ಇದೆ ಅಂತಾರೆ, ಸುಳ್ಳಲ್ಲ. ‘ಕಿಟಕಿ ತೆಗೆದ್ರೆ ಆಕಾಶ ಕಾಣುತ್ತಾ’ ಅಂತ ಕೇಳ್ರಿ. ಅದಕ್ಕೆ ತಡವರಿಸಿದ್ರೆ ಡಕ್ಟ್ ರೂಮ್.

ಇದು ಸುರಕ್ಷತೆ ಮಾತೂ ಹೌದು. ಬೆಂಕಿ ಬಿದ್ದಾಗ ಹೊಗೆ ಮೇಲಕ್ಕೆ ಬರೋದು ಡಕ್ಟ್‌ನಲ್ಲಿ, ಮೆಟ್ಟಿಲ ಬಾವಿಯಲ್ಲಿ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್ಟನ್ ಟವರ್ಸ್ ದುರಂತದಲ್ಲಿ 9 ಜನ ಸತ್ತರು, ಕಟ್ಟಡದ ತುಂಬ ಹೊಗೆ ತುಂಬಿಕೊಂಡಿತ್ತು. ರೂಮಿಗೆ ಹೋದ ತಕ್ಷಣ ಬ್ಯಾಗ್ ಇಡೋ ಮುಂಚೆ ಎರಡನೇ ಮೆಟ್ಟಿಲು ಎಲ್ಲೈತೆ ನೋಡಿ ಬರ್ರಿ. ಇದ್ರೂ ಎಷ್ಟೋ ಕಡೆ ಹಳೇ ಹಾಸಿಗೆ, ಬಾಟಲ್ ಕ್ರೇಟ್ ಪೇರಿಸಿ ಇಟ್ಟಿರ್ತಾರೆ, ಇಲ್ಲಾ ಬೀಗ. ಬೀಗ ಇದ್ರೆ ಕೆಳಗೆ ಬಂದು ತೆಗೆಸ್ರಿ. ತೆಗೆಯಲ್ಲ ಅಂದ್ರೆ ಬೇರೆ ಹೋಟೆಲ್ ನೋಡ್ರಿ. ಇದರಲ್ಲಿ ಮಾತ್ರ ದುಡ್ಡಿನ ಮುಖ ನೋಡಬೇಡ್ರಿ.

ಕಿನ್ನಾಳ ರಸ್ತೆ (ಕೊಪ್ಪಳ)

ಎಲ್ಲಾರಿಗೂ ಧನ್ಯವಾದ್ರಿ. ಎಸಿ ಬೇಕೋ ಬ್ಯಾಡೋ ಹೇಳ್ರಿ. ನಮ್ಮ ಕಡೆ ಬಿಸಲಿಗೆ ಬೆಂಗಳೂರಿನ ಹವಾ ತಂಪನ ಅನಸ್ತೈತಿ, ನಾನ್-ಎಸಿ ತಗೊಂಡ್ರ ಒಂದೈದು ನೂರು ಉಳೀತಾವ. ಮತ್ತ ಇನ್ನೊಂದು, 24 ಗಂಟೆ ಚೆಕ್‌ಔಟ್ ಇದ್ದದ್ದು ಹುಡುಕ್ಲೋ?

ಕೋಟೆ ನೆರಳು (ಬಳ್ಳಾರಿ)

ಎಸಿ ತಗೊಳ್ರಿ. ತಂಪಿಗೆ ಅಲ್ಲ, ಕಿಟಕಿ ಮುಚ್ಚೋಕೆ. ಬಳ್ಳಾರಿ ಏಪ್ರಿಲ್ ಕಂಡವರಿಗೆ ಬೆಂಗಳೂರಲ್ಲಿ ಫ್ಯಾನ್ ಸಾಕು, ಆದ್ರೆ ಮೂರು ಜನ ಸಣ್ಣ ರೂಮಲ್ಲಿ ಫ್ಯಾನ್ ಮೇಲೆ ಮಲಗಬೇಕಂದ್ರೆ ಕಿಟಕಿ ತೆಗೀಬೇಕು. ತೆಗೆದ್ರೆ ಮೇಲೆ ಹೇಳಿದ್ದು ಎಲ್ಲಾ ನೀರು ಪಾಲು. ಡಿಸೆಂಬರ್, ಜನವರಿಯಲ್ಲಿ ಹೋಗೋದಾದ್ರೆ ಕಿಟಕಿ ಮುಚ್ಚಿ ನಾನ್-ಎಸಿ ನಡೀತೈತೆ. ಎಸಿಯ ಒಂದೇ ಸಮನೆ ಸದ್ದು ಇನ್ನೊಂದು ಉಪಕಾರ ಮಾಡ್ತೈತೆ, ರಸ್ತೆಯ ಬಿಡಿ ಬಿಡಿ ಸದ್ದನ್ನ ಮುಚ್ಚಿಹಾಕ್ತೈತೆ. ಇಪ್ಪತ್ತಾರಕ್ಕೆ ಇಟ್ಟು ಫ್ಯಾನ್ ಮಾತ್ರ ಜೋರು ಮಾಡ್ರಿ.

ಬಾಗಿಲ ಕೆಳಗೆ ಸಂದಿ ಇದ್ದೇ ಇರ್ತೈತೆ. ಒಂದು ಟವೆಲ್ ಸುರುಳಿ ಮಾಡಿ ಒತ್ತಿ ಇಡ್ರಿ, ಕಾರಿಡಾರ್ ಮಾತು ಅರ್ಧ ಕಮ್ಮಿ ಆಗುತ್ತೆ. ಮೆಡಿಕಲ್‌ನಲ್ಲಿ ಫೋಮ್ ಇಯರ್‌ಪ್ಲಗ್ ಸಿಗ್ತಾವೆ, ಜೊತೆಗೆ ತಗೊಂಡು ಹೋಗ್ರಿ. ಸುಮ್ನೆ ಕಿವಿಗೆ ತುರುಕಿದ್ರೆ ಕೆಲಸ ಮಾಡಲ್ಲ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಲಿ ಕಿವಿ ಮೇಲ್ತುದಿ ಹಿಂದಕ್ಕೆ ಎಳೆದು ಹಿಡಿದು ಒಳಗೆ ಹಾಕಿ, ಅದು ಉಬ್ಬೋ ತನಕ ಅರ್ಧ ನಿಮಿಷ ಬೆರಳು ಒತ್ತಿ ಹಿಡೀಬೇಕು. ಮಾತು, ಹಾರ್ನ್ ತಡಿತಾವೆ. ಬೇಸ್ ಪೂರ್ತಿ ತಡಿಯಲ್ಲ, ಅದಕ್ಕೆ ಮಹಡಿನೇ ಗತಿ.

ಗಂಗಾವತಿ ಸೋನಾಮಸೂರಿ

24 ಗಂಟೆ ಚೆಕ್‌ಔಟ್ ಎಲ್ಲಾರಿಗೂ ಲಾಭ ಅಲ್ರಿ. ನಿಮ್ಮ ಲೆಕ್ಕಾನ ಹಾಕಿ ನೋಡೂಣು. ಶುಕ್ರವಾರ ಬೆಳಿಗ್ಗೆ 7ಕ್ಕ ರೂಮ್ ತಗೊಂಡ್ರಿ ಅಂತ ಹಿಡೀರಿ. 24 ಗಂಟೆ ಲೆಕ್ಕದಾಗ ಎರಡು ದಿನ ಅಂದ್ರ ಭಾನುವಾರ ಬೆಳಿಗ್ಗೆ 7ಕ್ಕ ಬಿಡಬೇಕು. ಶನಿವಾರ ರಾತ್ರಿ ಒಂದಕ್ಕ ಮಲಗಿದವರು ಆರಕ್ಕ ಎದ್ದು ಬ್ಯಾಗ್ ಕಟ್ಟಬೇಕು, ಮತ್ತ ರಾತ್ರಿ ರೈಲಿನ ತನಕ ರಸ್ತೆ ಮ್ಯಾಲ. ಒಂದು ತಾಸು ತಡ ಆದ್ರ ಕೆಲವರು ಅರ್ಧ ದಿನದ್ದು, ಕೆಲವರು ಪೂರಾ ದಿನದ್ದ ಬಾಡಿಗಿ ಹಚ್ಚತಾರ.

ಮಧ್ಯಾಹ್ನ 12ರ ಲೆಕ್ಕ ಇದ್ದ ಹೋಟೆಲ್‌ನ್ಯಾಗ ಭಾನುವಾರ ಹತ್ತರ ತನಕ ಮಲಗಿ, ಜಳಕ ಮಾಡಿ, 12ಕ್ಕ ಬಿಡಬಹುದು. ಶುಕ್ರವಾರ ಬೆಳಿಗ್ಗೆ ಮಾತ್ರ ತ್ರಾಸ. ಅದಕ್ಕ ಮೂರು ದಾರಿ ಅದಾವ. ಒಂದು, ಹಿಂದಿನ ದಿನ ಸಂಜಿಗೆ ಫೋನ್ ಮಾಡಿ ಬೇಗ ಚೆಕ್‌ಇನ್ ಕೊಡ್ತೀರೇನು, ಎಷ್ಟು ಅಂತ ಕೇಳ್ರಿ. ಗುರುವಾರ ರಾತ್ರಿ ಮಂದಿ ಕಡಿಮಿ, ಖಾಲಿ ರೂಮ್ ಇದ್ರ ಕೊಡ್ತಾರ. ಎರಡು, ಬ್ಯಾಗ್ ರಿಸೆಪ್ಷನ್‌ನ್ಯಾಗ ಇಟ್ಟು ಚೀಟಿ ತಗೊಂಡು ಕಬ್ಬನ್ ಪಾರ್ಕಿಗೆ ಹೋಗ್ರಿ, ನಡಿಗಿ ದೂರ. ಮೂರು, ಸ್ಟೇಷನ್‌ನ್ಯಾಗ ರೈಲ್ವೆ ರಿಟೈರಿಂಗ್ ರೂಮ್, ಡಾರ್ಮಿಟರಿ. ಐಆರ್‌ಸಿಟಿಸಿಯೊಳಗ ಟಿಕೆಟಿನ ಪಿಎನ್‌ಆರ್ ಹಾಕಿ ತಾಸಿನ ಲೆಕ್ಕಕ್ಕ ಬುಕ್ ಮಾಡಬಹುದು, ಟಿಕೆಟ್ ಕನ್ಫರ್ಮ್ ಇಲ್ಲಾ ಆರ್‌ಎಸಿ ಇರಬೇಕು.

ಭಾನುವಾರ ಬ್ಯಾಗ್ ಹೊತಗೊಂಡು ಅಡ್ಡಾಡೂದು ಬ್ಯಾಡ ಅಂದ್ರ ಸ್ಟೇಷನ್ ಕ್ಲೋಕ್ ರೂಮ್ ಐತಿ. ಬೀಗ ಹಾಕಿದ ಬ್ಯಾಗ್ ಅಷ್ಟ ತಗೊಂತಾರ, ಟಿಕೆಟ್, ಗುರುತಿನ ಚೀಟಿ ಕೇಳ್ತಾರ. ಬ್ಯಾಕ್‌ಪ್ಯಾಕ್ ಆದ್ರ ಸಣ್ಣ ಬೀಗ ಒಂದು ಊರಿಂದ ತಗೊಂಡು ಹೋಗ್ರಿ.

ಸತ್ಯನಾರಾಯಣಪೇಟೆ (ಬಳ್ಳಾರಿ)

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಅದಕ್ಕೂ ಮುಂಚೆ 12 ಇತ್ತು. 2,500ರ ರೂಮಿಗೆ ತೆರಿಗೆ 125, ಈಗಲೂ 300 ಹಾಕಿದ್ರೆ ಬಿಲ್ ತಿದ್ದಿಸ್ರಿ. ನಿಮ್ಮ ಮಿತಿ 2,500 ಅಂದ್ರೆ ತೆರಿಗೆ ಇಲ್ಲದ ದರ 2,380ರ ಒಳಗೆ ಇರಬೇಕು. ಮೂರನೇ ಹಾಸಿಗೆದೂ ಸೇರಿಸಿ.

ಆಪ್‌ನಲ್ಲಿ ಇಬ್ಬರು ಅಂತ ಹಾಕಿ ದರ ನೋಡಿ, ಮೂವರು ಹೋದ್ರೆ ಕೌಂಟರ್‌ನಲ್ಲಿ ಹೆಚ್ಚುವರಿ ಕೇಳ್ತಾರೆ. ಮೊದಲೇ ಮೂರು ಜನ ಅಂತ ಹಾಕ್ರಿ. ಎಕ್ಸ್‌ಟ್ರಾ ಬೆಡ್ ಅಂದ್ರೆ ಎಷ್ಟೋ ಕಡೆ ನೆಲದ ಮೇಲೆ ತೆಳ್ಳನೆ ಹಾಸಿಗೆ, ಅದನ್ನ ಹಾಕಿದ ಮೇಲೆ ಬಾತ್‌ರೂಮ್ ಬಾಗಿಲು ತೆರೆಯಲ್ಲ. ಮಂಚನಾ, ಹಾಸಿಗೆನಾ, ರೂಮ್ ಎಷ್ಟು ಅಡಿ ಉದ್ದಗಲ ಅಂತ ಕೇಳ್ರಿ.

ಆಪ್ ದರ ನೋಡ್ಕೊಂಡು ಹೋಟೆಲ್‌ಗೆ ನೇರ ಫೋನ್ ಮಾಡ್ರಿ. ಆಪ್‌ಗೆ ಕಮಿಷನ್ ಕಟ್ಟೋದು ತಪ್ಪುತ್ತೆ ಅಂತ ಅವರೂ ಸ್ವಲ್ಪ ಬಿಡ್ತಾರೆ, ರೂಮ್ ಆರಿಸೋಕೂ ಬಿಡ್ತಾರೆ. ನಂಬರ್ ಎಲ್ಲಿಂದ ತಗೊಳ್ತೀರಿ ಅನ್ನೋದು ಜೋಪಾನ. ಮ್ಯಾಪಿನಲ್ಲಿ ಹೋಟೆಲ್ ಹೆಸರಿಗೆ ಮೋಸಗಾರರ ನಂಬರ್ ಅಂಟಿಸಿರೋದು ಉಂಟು. ಹೋಟೆಲ್‌ನ ಸ್ವಂತ ವೆಬ್‌ಸೈಟ್ ನಂಬರ್ ಜೊತೆ ತಾಳೆ ನೋಡ್ರಿ. ಮುಂಗಡ ಯುಪಿಐ ಮಾಡೋವಾಗ ಹೋಟೆಲ್ ಹೆಸರು ಬರದೆ ಯಾರದೋ ವ್ಯಕ್ತಿ ಹೆಸರು ಬಂದ್ರೆ ನಿಲ್ಸಿ. ದುಡ್ಡು ಹೋಗಿಬಿಟ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್.

ಗುರುತಿಗೆ ಮೂವರದೂ ಬೇಕು. ಆಧಾರ್ ಕೊಡೋದಾದ್ರೆ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡ್ಕೊಳ್ರಿ, ಇಲ್ಲಾ ಡಿಎಲ್, ವೋಟರ್ ಕಾರ್ಡ್ ಕೊಡ್ರಿ. ಪಾನ್ ಕಾರ್ಡ್‌ನಲ್ಲಿ ವಿಳಾಸ ಇಲ್ಲ, ಲಾಡ್ಜ್‌ನವರು ತಗೊಳ್ಳಲ್ಲ.

ಪಬ್ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ತಾನಾಗೇ ಸೇರಿಸಿದ್ರೆ ತೆಗಿಸಬಹುದು. ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಐತೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನ ಎತ್ತಿಹಿಡಿದೈತೆ.

ಕೌಲ್‌ಬಜಾರ್ (ಬಳ್ಳಾರಿ)

ರೂಮ್ ಕೊಟ್ಟ ಮೇಲೆ ಐದು ನಿಮಿಷದ ಕೆಲಸ. ಸಹಿ ಹಾಕೋ ಮುಂಚೆ, ಒಬ್ಬರು ಮೇಲೆ ಹೋಗಿ ನೋಡಿ ಬರ್ರಿ.

ತಿಗಣೆ ಮೊದಲು. ಬೆಡ್‌ಶೀಟ್ ನಾಲ್ಕೂ ಮೂಲೆ ಎತ್ತಿ, ಹಾಸಿಗೆ ಅಂಚಿನ ಹೊಲಿಗೆ ಪಟ್ಟಿನ ಬೆರಳಲ್ಲಿ ಬಿಡಿಸಿ ಮೊಬೈಲ್ ಟಾರ್ಚ್ ಹಾಕ್ರಿ. ತಲೆ ಕಡೆ ಎರಡು ಮೂಲೆ ಮುಖ್ಯ, ಆಮೇಲೆ ಮಂಚದ ತಲೆಹಲಗೆ ಗೋಡೆಗೆ ತಾಗೋ ಸಂದಿ. ಹುಳ ಕಾಣಲೇಬೇಕು ಅಂತಿಲ್ಲ. ಪೆನ್ ಇಂಕ್ ಚುಕ್ಕೆ ಥರ ಕಪ್ಪು ಕಲೆ, ಕಂದು ಬಣ್ಣದ ಕಳಚಿದ ಸಿಪ್ಪೆ ಕಂಡ್ರೂ ರೂಮ್ ಬದಲಿಸ್ರಿ. ಪಕ್ಕದ ರೂಮ್ ಬೇಡ, ಗೋಡೆ ದಾಟಿ ಬರ್ತಾವೆ. ಬೇರೆ ಮಹಡಿ ಕೇಳ್ರಿ. ಬ್ಯಾಗ್ ಮಂಚದ ಮೇಲೆ, ಮಂಚದ ಕೆಳಗೆ ಇಡಬೇಡ್ರಿ. ಅನುಮಾನ ಇದ್ರೆ ಊರಿಗೆ ಬಂದ ಮೇಲೆ ಬಟ್ಟೆ 60 ಡಿಗ್ರಿ ನೀರಲ್ಲಿ ಒಗೀಬೇಕು. ನಮ್ಮ ಬಿಸಿಲಲ್ಲಿ ಹರವಿದ್ರೆ ಸಾಯ್ತಾವೆ ಅಂತಾರೆ, ಮಡಿಕೆ, ಜಿಪ್ ಒಳಗಿನ ಮೊಟ್ಟೆಗೆ ಅಷ್ಟು ಶಾಖ ಮುಟ್ಟಲ್ಲ.

ಆಮೇಲೆ ಬಿಸಿನೀರು. ಸೋಲಾರ್ ಆದ್ರೆ ಬೆಳಗ್ಗೆ ಮೊದಲು ಎದ್ದವರಿಗೆ ಸಿಗ್ತೈತೆ, ಹತ್ತಕ್ಕೆ ಎದ್ದವರಿಗೆ ಉಗುರುಬೆಚ್ಚಗೆ. ರಾತ್ರಿ ತಿರುಗೋರಿಗೆ ರೂಮಿನ ಗೀಸರೇ ಬೇಕು. 15 ಲೀಟರ್, 2 ಕಿಲೋವ್ಯಾಟ್ ಗೀಸರ್ 25 ಡಿಗ್ರಿ ನೀರನ್ನ 60ಕ್ಕೆ ತರೋಕೆ 18ರಿಂದ 20 ನಿಮಿಷ ತಗೊಳ್ತೈತೆ. ತಣ್ಣೀರು ಬೆರೆಸಿದ್ರೆ 35 ಲೀಟರ್ ಸ್ನಾನದ ನೀರು, ಎರಡು ಬಕೆಟ್ಟಿಗೆ ಸ್ವಲ್ಪ ಕಮ್ಮಿ. ಮೂರು ಜನ ಇದ್ರೆ ಎರಡನೇವರ ಸ್ನಾನ ಆದ ಮೇಲೆ 20 ನಿಮಿಷ ಬಿಡ್ರಿ. ಗೋಡೆ ಮೇಲೆ 3 ಲೀಟರಿನ ಸಣ್ಣದು ಇದ್ರೆ ನಲ್ಲಿ ಸಣ್ಣಗೆ ಬಿಟ್ಟು ಬಕೆಟ್ ತುಂಬಿಸಬೇಕು, ಜೋರು ಬಿಟ್ರೆ ತಣ್ಣೀರೇ ಬರೋದು. ಫ್ಲಶ್ ಒಂದ್ಸಲ, ಎಸಿ ಒಂದ್ಸಲ, ಮಂಚದ ಪಕ್ಕದ ಪ್ಲಗ್‌ಗೆ ಚಾರ್ಜರ್ ಒಂದ್ಸಲ ಹಾಕಿ ನೋಡ್ರಿ. ಅಷ್ಟೇ.

ರಾಯಚೂರು ಸ್ಟೇಷನ್ ರಸ್ತೆ

ನಾ ಮೆಜೆಸ್ಟಿಕ್ ಮಾತು ಬಿಡೂದಿಲ್ಲ, ಆದ್ರೂ ನೀವು ಅಲ್ಲೇ ಹಿಡಿಯೋದಾದ್ರ ಎರಡು ಹೇಳ್ತೀನಿ. ಡಿಸೆಂಬರ್ 31ಕ್ಕ ಆ ಕಡೆ ರೂಮ್ ಬ್ಯಾಡ್ರಿ. ಸಂಜಿಯಿಂದ ಎಂ.ಜಿ. ರೋಡ್, ಬ್ರಿಗೇಡ್ ರೋಡಿಗೆ ವಾಹನ ಬಿಡೂದಿಲ್ಲ, ಈಚಿನ ವರ್ಷಗಳಾಗ ರಾತ್ರಿ ಎಂ.ಜಿ. ರೋಡ್ ಮೆಟ್ರೋ ನಿಲ್ದಾಣನೂ ಮುಚ್ಚತಾರ, ಟ್ರಿನಿಟಿ ಇಲ್ಲಾ ಕಬ್ಬನ್ ಪಾರ್ಕಿಗೆ ಇಳದು ಬ್ಯಾಗ್ ಹೊತಗೊಂಡು ಗದ್ದಲದಾಗ ನಡೀಬೇಕು. ರೇಟೂ ಮುಗಿಲಿಗೆ ಹೋಗಿರ್ತೈತಿ.

ಬೆಳಿಗ್ಗೆ ತಿಂಡಿ ಇನ್ನೊಂದು. ನಮ್ಮ ಕಡೆ ಆರಕ್ಕ ಒಗ್ಗರಣಿ ಮಿರ್ಚಿ ಸಿಗ್ತೈತಿ, ಚರ್ಚ್ ಸ್ಟ್ರೀಟ್ ತಡಾ ಮಾಡಿ ಏಳೂ ಓಣಿ. ಅಲ್ಲೇ ಇಂಡಿಯಾ ಕಾಫಿ ಹೌಸ್ ಐತಿ, ಮೊದಲು ಎಂ.ಜಿ. ರೋಡಿನ್ಯಾಗ ಇತ್ತು, 2009ರಾಗ ಇಲ್ಲಿಗೆ ಬಂತು. ಅದು ತೆರೆಯೋದರೊಳಗ ಹಸಿವಾದ್ರ ಮೆಟ್ರೋ ಹತ್ತಿ ಮೆಜೆಸ್ಟಿಕ್ ಕಡೆ ಬರ್ರಿ. ಭಾನುವಾರ ಮಾತ್ರ ಮೊದಲ ಮೆಟ್ರೋ 7ಕ್ಕ.

ಕಿನ್ನಾಳ ರಸ್ತೆ (ಕೊಪ್ಪಳ)

ಭಾಳ ಉಪಕಾರ ಆತ್ರಿ. ಎಲ್ಲಾ ಕೂಡಿಸಿ ಹೋಟೆಲ್‌ನವರಿಗೆ ವಾಟ್ಸಾಪ್ ಕಳಸಾಕ ಹಿಂಗ ಬರದೀನಿ, ನೋಡಿ ತಿದ್ರಿ:

‘ನಮಸ್ಕಾರ. ಶುಕ್ರವಾರ, ಶನಿವಾರ ಎರಡು ರಾತ್ರಿಗೆ ಮೂರು ಜನಕ್ಕೆ ಒಂದು ಎಸಿ ರೂಮ್ ಬೇಕು. ಮೂರನೇ ಅಥವಾ ನಾಲ್ಕನೇ ಮಹಡಿ, ಒಳಗಿನ ಕಡೆ ಸೈಲೆಂಟ್ ರೂಮ್ ಬೇಕು. ತೆರಿಗೆ, ಎಕ್ಸ್‌ಟ್ರಾ ಬೆಡ್ ಸೇರಿ ಒಟ್ಟು ಎಷ್ಟು? ಶುಕ್ರವಾರ ಬೆಳಗ್ಗೆ ಬೇಗ ಚೆಕ್‌ಇನ್ ಸಿಗುತ್ತಾ? ರಾತ್ರಿ ಒಂದಕ್ಕೆ ಬಂದರೆ ಬಾಗಿಲು ತೆರೆದಿರುತ್ತಾ?’

ಕೋಟೆ ನೆರಳು (ಬಳ್ಳಾರಿ)

‘ಒಳಗಿನ ಕಡೆ’ ಅಂತ ಬರೀಬೇಡ್ರಿ ಅಣ್ಣ, ಡಕ್ಟ್ ರೂಮ್ ಕೊಡ್ತಾರೆ. ‘ಸೈಲೆಂಟ್’ ಅಂದ್ರೆ ಎಲ್ಲಾ ಸೈಲೆಂಟೇ ಅಂತಾರೆ. ಅದರ ಬದಲು ‘ಕಟ್ಟಡದ ಹಿಂಬದಿ, ಕಿಟಕಿ ಹೊರಗೆ ತೆರೆಯೋ ರೂಮ್, ಕಿಟಕಿ ಕೆಳಗೆ ಜನರೇಟರ್ ಇರಬಾರದು, ಲಿಫ್ಟ್ ಪಕ್ಕದ್ದು ಬೇಡ’ ಅಂತ ಬರೀರಿ. ಜೊತೆಗೆ ‘ನಿಮ್ಮ ಕಟ್ಟಡದಲ್ಲಿ ಬಾರ್ ಯಾವ ಮಹಡಿಯಲ್ಲಿದೆ’ ಅಂತ ಒಂದು ಸಾಲು. ಉಳಿದದ್ದು ಸರಿ ಐತೆ.

ಮಾನ್ವಿ (ರಾಯಚೂರು ಜಿಲ್ಲೆ)

ಉತ್ತರದಾಗ ರೂಮ್ ನಂಬರ್ ಬರಸ್ಕೊಳ್ರಿ ಅಣ್ಣಾರ. ಬುಕ್ ಮಾಡೋದು ಸಂಜಿ ಪಾಳಿಯವರು, ಕೀಲಿ ಕೊಡೋದು ಬೆಳಗಿನ ಪಾಳಿಯವರು, ಇವರಿಗೆ ಅವರು ಹೇಳಿದ್ದು ಗೊತ್ತಿರೂದಿಲ್ಲ. ಆ ಮೆಸೇಜ್ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಕೌಂಟರ್‌ನ್ಯಾಗ ಆಧಾರ್ ಕೊಡೂಕಿಂತ ಮೊದಲ ಅದನ್ನ ತೋರಸ್ರಿ.